ನನ್ನ ಮೊದಲ ಬ್ಲಾಗೂ ಮಾವನಮನೆಯ ಅಪ್ಪೆಮರವೂ

ಬ್ಲಾಗ್ ಬರೆಯುವುದು ಏನು ಮಹಾ ವಿದ್ಯೆ! ಬೇರೆಯವರ ಬ್ಲಾಗುಗಳನ್ನು ಓದಿದ ಮೇಲೆಯೇ ನಾನು ಈ ತೀರ್ಮಾನಕ್ಕೆ ಬಂದದ್ದು. ಶಿರಸಿ ಪೇಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಮಧ್ಯಾಹ್ನ ಗಿರಾಕಿಗಳು ಇರುವುದಿಲ್ಲ. ಆಗ ಮೊಬೈಲಿನಲ್ಲಿ ಕಂಡವರ ಬರಹವನ್ನೆಲ್ಲ ಓದಿ, ಕಂಡವರನ್ನೆಲ್ಲ ಮನಸ್ಸಿನಲ್ಲೇ ಬೈಯುವುದು ನನ್ನ ಅಭ್ಯಾಸ. ಎಕ್ಕಂಬಿಯಲ್ಲಿರುವ ನನ್ನ ದೊಡ್ಡಪ್ಪನ ಮಗನೂ ಒಬ್ಬ ಬ್ಲಾಗಿಗ. "ಕಾಶಿಗೆ ಹೋದೆವು. ಚಳಿ ಇತ್ತು. ಊಟ ಚೆನ್ನಾಗಿತ್ತು." ಇದು ಅವನ ಪ್ರವಾಸಕಥನ! ಕೆಳಗೆ ಅವನದೇ ಸಾಲುಸಾಲು ಫೋಟೋ. ಹಿಂದೆ ಗಂಗೆ ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ. ಅವನ ಹೊಟ್ಟೆ ಅಡ್ಡ ಬಂದಿದೆ.

ಇಂಥವರೇ ಲೇಖಕರಾಗಿ ಮೆರೆಯುವಾಗ ನಾನೇಕೆ ಸುಮ್ಮನಿರಬೇಕು? ಶಾಲೆಯಲ್ಲಿ ಪ್ರಬಂಧ ಸ್ಪರ್ಧೆಯ ಬಹುಮಾನವೆಂದು ಸ್ಟೀಲ್ ಲೋಟ ಗೆದ್ದವನು ನಾನು! ಆದರೂ ಯಾವ ಕೆಲಸವನ್ನೂ ಶಾಸ್ತ್ರೋಕ್ತವಾಗಿ ಮಾಡಬೇಕೆನ್ನುವ ಜಾತಿ ನನ್ನದು. ಹಾಗಾಗಿ ಆರಂಭಿಕರಿಗೆ ಬ್ಲಾಗ್ ಕಲಿಸುವ ವಿಡಿಯೋ ಪಾಠಗಳನ್ನು ನೋಡಲು ಕುಳಿತೆ. ಕಲಿಸುವ ಮಹಾನುಭಾವರು ಬ್ಲಾಗ್ ಬರೆಯುವುದು ಹೇಗೆ ಎನ್ನುವ ವಿಷಯ ಒಂದನ್ನು ಬಿಟ್ಟು ಜೀವಮಾನದಲ್ಲಿ ಬೇರೆ ಯಾವ ವಿಷಯದ ಮೇಲೂ ಬ್ಲಾಗ್ ಬರೆದವರಲ್ಲ. ಮಾತು ಮಾತ್ರ ಸಾಕ್ಷಾತ್ ಬೃಹಸ್ಪತಿಯದು. "ಸ್ನೇಹಿತರೇ, ನಿಮಗೆ ಮಾತ್ರ ಗೊತ್ತಿರುವ ವಿಷಯವನ್ನು ಬರೆಯಿರಿ. ಬರೆದರೆ ಸಾಲದು, ಸಮೃದ್ಧಗೊಳಿಸಿ!" ಎಂದು ಅವರು ಬೆರಳೆತ್ತಿ ಹೇಳಿದರು. ನಾನೂ ತಲೆಯಾಡಿಸಿದೆ. ಮೊಬೈಲಿಗೆ ತಲೆಯಾಡಿಸುವ ಮನುಷ್ಯನಿಂದ ಮುಂದೆ ಏನಾಗಬಹುದೆಂದು ಆಗಲೇ ಯಾರಾದರೂ ಊಹಿಸಬಹುದಿತ್ತು.

ನನಗೆ ಮಾತ್ರ ಗೊತ್ತಿರುವುದು ಏನು? ತುಂಬ ಯೋಚಿಸಿದೆ. ಪೇಟೆಯ ಯಾವ ಗಣ್ಯರಿಗೆ ಎಷ್ಟು ನಂಬರಿನ ಕನ್ನಡಕ ಎಂಬುದು ಗೊತ್ತು. ಅದನ್ನು ಬರೆದರೆ ಅಂಗಡಿ ಮುಚ್ಚಬೇಕಾಗುತ್ತದೆ. ಅಷ್ಟರಲ್ಲಿ ಮಂಚೀಕೇರಿಯ ಮಾವನಮನೆಯಿಂದ ಕರೆ ಬಂತು.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಯೇ ಅಪ್ಪೆಮಿಡಿ. ಇದರ ಮರಗಳು ಹೊಳೆಯ ದಂಡೆಯಲ್ಲಿ ತಾವಾಗಿಯೇ ಹುಟ್ಟಿ ಬೆಳೆದವು. ಒಂದರ ಪರಿಮಳ ಇನ್ನೊಂದಕ್ಕಿಲ್ಲ. ಒಳ್ಳೆಯ ಮರ ಎಲ್ಲಿದೆ ಎಂದು ಇಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಬ್ಯಾಂಕಿನ ಗುಟ್ಟು ಹೇಳುತ್ತಾರೆ, ಮನೆಯ ಜಗಳ ಹೇಳುತ್ತಾರೆ. ಮರ ಎಲ್ಲಿದೆ ಎಂದು ಕೇಳಿದರೆ ಮಾತ್ರ "ಅಲ್ಲೇ, ಹೊಳೆಬದಿಗೆ" ಎಂದು ಕೈ ಬೀಸುತ್ತಾರೆ. ಬೀಸಿದ ದಿಕ್ಕಿನಲ್ಲಿ ಹೊಳೆಯೇ ಇರುವುದಿಲ್ಲ!

ನನ್ನ ಹೆಂಡತಿ ವೇದಾಳ ತವರಿನವರಿಗೂ ಅಂಥದ್ದೊಂದು ಮರವಿತ್ತು. ಆ ಮಿಡಿ ಕಚ್ಚಿದರೆ ಜೀರಿಗೆಯ ಪರಿಮಳ. ತವರಿನ ಜಾಡಿಗೂ ಹೆಣ್ಣುಮಕ್ಕಳ ಜಾಡಿಗಳಿಗೂ ವರ್ಷದ ಉಪ್ಪಿನಕಾಯಿ ಆ ಒಂದೇ ಮರದಿಂದ ಬರಬೇಕು. ನಮ್ಮ ಮಗಳು ಕಾಲೇಜು ಮೆಟ್ಟಿಲು ಹತ್ತಿದ್ದರೂ ನನಗೆ ಮಾತ್ರ ಆ ಮರದ ದರ್ಶನವಾಗಿರಲಿಲ್ಲ. ಅಳಿಯನೆಂದರೆ ಹೊರಗಿನವ! ಈ ಸಲ ವೇದಾಳ ಅಣ್ಣ ಸುಬ್ರಾಯ ಅಂಗಳದಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡದ್ದರಿಂದ, ಮರದ ಮೇಲಿಂದ ಬುಟ್ಟಿ ಇಳಿಸುವಾಗ ಕೆಳಗೆ ಹಗ್ಗ ಹಿಡಿಯಲು ಒಬ್ಬ ಗಂಡಸು ಬೇಕಾಗಿತ್ತು.

"ಭಾವಂಗೆ ಮರ ತೋರ್ಸಿದ್ರೆ ಜವಾಬ್ದಾರಿ ನಿಂದು, ನೋಡು" ಎಂದು ನಾವು ಮಂಚೀಕೇರಿಗೆ ಹೋದಾಗ ಸುಬ್ರಾಯ ನನ್ನ ಎದುರಿಗೇ ತಂಗಿಗೆ ಹೇಳಿದ.

"ಅವು ಯಾರ ಹತ್ರಾನೂ ಹೇಳ್ತ್ವಿಲ್ಲೆ. ಆನು ಜವಾಬ್ದಾರಿ" ಎಂದಳು ವೇದಾ. ತವರಿನವರ ಎದುರು ಅವಳು ನನ್ನ ಬಗ್ಗೆ ಆಡಿದ ಅಪರೂಪದ ಒಳ್ಳೆಯ ಮಾತು ಅದು.

ಮರ ನೋಡಿದೆ. ಗೊಂಚಲು ಗೊಂಚಲಾಗಿ ಮಿಡಿ! ಇನ್ನೂ ಸಣ್ಣವು, ಮುಂದಿನ ವಾರಕ್ಕೆ ಹದವಾಗುತ್ತವೆ ಎಂದು ಮರ ಹತ್ತಿದ, ಅಡಿಕೆ ಕೊಯ್ಯುವ ಕೊನೆಗಾರ ಹೇಳಿದ್ದರಿಂದ, ರುಚಿಗೆ ನಾಲ್ಕು ಕೊಯ್ಯಿಸಿಕೊಂಡು ಬಂದೆವು. ಹಗ್ಗ ಹಿಡಿಯುವ ಕೆಲಸವಿಲ್ಲದ ನಾನು ಮರದ ಫೋಟೋಗಳನ್ನು ಮನದಣಿಯೆ ತೆಗೆದುಕೊಂಡೆ. ಬ್ಲಾಗಿಗೆ ವಿಷಯ ಸಿಕ್ಕಿತ್ತು.

ಮರುದಿನ ಅಂಗಡಿಯಲ್ಲಿ ಕುಳಿತು ಒಂದೇ ಉಸಿರಿಗೆ ಬರೆದೆ. ಮಿಡಿಯ ಪರಿಮಳ, ಕೊಯ್ಯುವಾಗ ತೊಟ್ಟು ಮುರಿಯದಂತೆ ನೋಡಿಕೊಳ್ಳುವುದು, ನೆಲಕ್ಕೆ ಬಿದ್ದ ಮಿಡಿಯನ್ನು ಜಾಡಿಗೆ ಸೇರಿಸದಿರುವುದು, ಇಷ್ಟೇ. ಸಂಜೆ ವೇದಾಗೆ ಓದಿ ಹೇಳಿದೆ.

"ಚೊಲೋ ಆಜು. ಇಷ್ಟೇ ಸಾಕು" ಎಂದಳು. ಮತ್ತೆ, "ಮರ ಎಲ್ಲಿದ್ದು ಹೇಳಿ ಮಾತ್ರ ಬರೆಯಡಿ" ಎಂದು ಎಚ್ಚರಿಸಿದಳು.

"ಆನು ಅಷ್ಟು ದಡ್ಡನ ಮಾರಾಯ್ತಿ?"

ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಸಂಸಾರದಲ್ಲಿ ಇದೂ ಒಂದು ಉತ್ತರವೇ.

ಅವಳ ಮಾತು ಕೇಳಿ ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೊಬ್ಬ ಸಾಧಾರಣ ಲೇಖಕನಾಗಿ ಸುಖವಾಗಿರುತ್ತಿದ್ದೆ. ಆದರೆ ಬರಹ ಸಮೃದ್ಧವಾಗಬೇಡವೇ? ಬ್ಲಾಗಿನ ಪುಟದ ಮೂಲೆಯಲ್ಲಿ ಒಂದು ಪುಟ್ಟ ದೀಪವಿತ್ತು. ಬರಹ ಬಡವಾಗಿದ್ದರೆ ಕೆಂಪು, ಪರವಾಗಿಲ್ಲ ಎಂದರೆ ಕಿತ್ತಳೆ, ಸಮೃದ್ಧವಾದರೆ ಹಸಿರು. ನನ್ನದು ಕೆಂಪು! ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದವನ ಬರಹಕ್ಕೆ ಕೆಂಪು ದೀಪ!

ಸಮೃದ್ಧಿ ಕಾರ್ಯ ಆರಂಭವಾಯಿತು. ಉಪಶೀರ್ಷಿಕೆ ಬೇಕೆಂದು ಗುರುಗಳು ಹೇಳಿದ್ದರಲ್ಲ, "ಅಪ್ಪೆಮಿಡಿ: ಒಂದು ಅವಲೋಕನ", "ಮಿಡಿ ಮತ್ತು ಮಾನವ" ಎಂದು ಹಾಕಿದೆ. ದೀಪ ಕದಲಲಿಲ್ಲ. ವಿಷಯ ಸೂಚಿಸುವ ಪದಗಳು ಬೇಕಂತೆ. ಪ್ರವಾಸ, ಆರೋಗ್ಯ, ಅಧ್ಯಾತ್ಮ, ಕೂದಲು ಉದುರುವಿಕೆ ಎಂದು ಸೇರಿಸಿದೆ. ಕಿತ್ತಳೆ! ಲೇಖಕರ ಭಾವಚಿತ್ರ ಹಾಕಿದೆ. ಅಂಗಡಿಯ ಅತ್ಯಂತ ದುಬಾರಿ ಫ್ರೇಮ್ ಧರಿಸಿ, ಗಲ್ಲಕ್ಕೆ ಕೈಯಿಟ್ಟು, ಚಿಂತನೆಯಲ್ಲಿರುವಂತೆ ತೆಗೆಸಿಕೊಂಡದ್ದು. ಓದುಗರಿಗೆ ಒಂದು ಪ್ರಶ್ನೆ ಕೇಳಬೇಕಂತೆ. "ನಿಮ್ಮ ಬದುಕಿನಲ್ಲಿ ಮಿಡಿಯ ಪಾತ್ರವೇನು?" ಎಂದು ಕೇಳಿದೆ. ಮರದ ಫೋಟೋಗಳನ್ನೆಲ್ಲ ಸುರಿದೆ. ಕೊನೆಗೆ ವೇದಾಗೆ ಕೊಟ್ಟ ಮಾತಿನ ನೆನಪಾಗಿ, ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: "ಈ ಮರ ಎಲ್ಲಿದೆಯೆಂದು ಕೇಳದಿರಿ. ಪ್ರಾಣ ಹೋದರೂ ಹೇಳೆ!"

ಆ ಸಾಲಿನ ಗಾಂಭೀರ್ಯಕ್ಕೆ ನನಗೇ ರೋಮಾಂಚನವಾಯಿತು. ದೀಪ ಮಾತ್ರ ಕಿತ್ತಳೆಯಲ್ಲೇ ನಿಂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಪಕ್ಕದಲ್ಲಿ ಇನ್ನೂ ಒಂದಿಷ್ಟು ಚೌಕಗಳು ಖಾಲಿ ಉಳಿದಿದ್ದವು. ಏನೆಂದು ಓದುವಷ್ಟು ತಾಳ್ಮೆ ಯಾರಿಗಿತ್ತು? ಊರಿಗೆಲ್ಲ ಓದಲು ಕನ್ನಡಕ ಕೊಡುವವನು ನಾನು! ಎಲ್ಲ ಚೌಕಗಳಿಗೂ ಟಿಕ್ ಹಾಕುತ್ತ ಹೋದೆ. ಕೊನೆಯ ಚೌಕಕ್ಕೆ ಟಿಕ್ ಬಿದ್ದದ್ದೇ ತಡ, ದೀಪ ಹಸಿರಾಯಿತು. ಕೈಮುಗಿದು ಪ್ರಕಟಿಸಿದೆ.

ಫಲಿತಾಂಶ ನೋಡಬೇಕಿತ್ತು! ಎರಡೇ ದಿನದಲ್ಲಿ ಓದುಗರ ಸಂಖ್ಯೆ ಸಾವಿರ ದಾಟಿತು. ದೊಡ್ಡಪ್ಪನ ಮಗನ ಕಾಶಿಯಾತ್ರೆಯನ್ನು ಅವನ ಹೆಂಡತಿಯೂ ಪೂರ್ತಿ ಓದಿರಲಿಕ್ಕಿಲ್ಲ. ನಾನು ಪೇಟೆಯಲ್ಲಿ ನಡೆಯುವ ಗತ್ತೇ ಬದಲಾಯಿತು. ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಲ್ಲಿರುವ ನನ್ನ ಹಳೆಯ ಸಹಪಾಠಿ ಫೋನ್ ಮಾಡಿದ.

"ಎಂತಾ ಬರದ್ದೆ ಮಾರಾಯ! ಕಣ್ಣಿಗೆ ಕಟ್ಟಿದಂಗೆ ಇದ್ದು. ಎಲ್ಲೂ ದಾರಿ ತಪ್ಪದೇ ಇಲ್ಲೆ!"

ನನ್ನ ಗದ್ಯದ ಓಟವನ್ನು ಅವನು ಇಷ್ಟು ಸೂಕ್ಷ್ಮವಾಗಿ ಗುರುತಿಸಿದ್ದಕ್ಕೆ ಕಣ್ಣು ತುಂಬಿ ಬಂತು. ಮೂರ್ಖತನಕ್ಕೂ ಒಂದು ಮಿತಿ ಇರುತ್ತದೆ ಎನ್ನುತ್ತಾರಲ್ಲ, ನನ್ನದಕ್ಕೆ ಇರಲಿಲ್ಲ.

ಮುಂದಿನ ವಾರ ವೇದಾಳ ಜೊತೆ ಕಾರಿನಲ್ಲಿ ಹಗ್ಗ, ಬುಟ್ಟಿ, ಚೀಲ ಹಾಕಿಕೊಂಡು ಹೊರಟೆ. ಕೊನೆಗಾರನಿಗೆ ನೇರ ಮರದ ಬುಡಕ್ಕೇ ಬರಲು ಹೇಳಿದ್ದೆವು. ಯಾರೂ ಕಾಲಿಡದ, ಮರಕ್ಕೆ ಹೋಗುವ ಆ ಕಾಲುದಾರಿಯ ತುದಿಯಲ್ಲಿ ಬೈಕುಗಳ ಸಾಲು. ಒಂದು ಗೂಡ್ಸ್ ರಿಕ್ಷಾ ಬೇರೆ!

"ಎಂತ ಇದು, ಇಲ್ಲಿ ಯಾರದ್ದಾದ್ರೂ ಮದುವೆ ಇದ್ದ?" ಎಂದಳು ವೇದಾ. ನಾನು ಪಿಕ್ನಿಕ್ ಮಾಡುವವರು ಇರಬೇಕೆಂದೆ. ಕಂಡಕಂಡಲ್ಲಿ ಬಂದು ಹಾಳುಮಾಡುತ್ತಾರೆಂದು ಅವರನ್ನು ಬೈದೆ ಕೂಡ.

ಮರ ಕಂಡಿತು. ಮಿಡಿ ಕಾಣಲಿಲ್ಲ. ಕೈಗೆಟಕುವ ಟೊಂಗೆಗಳನ್ನು ಎಳೆದು ಸಿಗಿದಿದ್ದರು. ಒಂದು ದೊಡ್ಡ ಕೊಂಬೆ ಮುರಿದು ಅರ್ಧ ನೀರಿನಲ್ಲಿ ಬಿದ್ದಿತ್ತು. ಜಜ್ಜಿಹೋದ ಮಿಡಿಗಳನ್ನು ತುಳಿದಾಗ ಅದೇ ಜೀರಿಗೆಯ ಪರಿಮಳ ಮೂಗಿಗೆ ಬಂತು. ನಮ್ಮ ಕೊನೆಗಾರ ಬಂದು, ನೋಡಿ, ತನ್ನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೋಗಿಬಿಟ್ಟ.

ಬುಡದಲ್ಲಿ ಚೀಲದ ಬಾಯಿ ಕಟ್ಟುತ್ತಿದ್ದ ದಪ್ಪ ಮೀಸೆಯವನೊಬ್ಬ ತಲೆಯೆತ್ತಿ ನನ್ನನ್ನೇ ನೋಡಿದ. ಮುಖ ಅರಳಿತು.

"ಅಯ್ಯ ಸರ್ರ, ನೀವಾ! ಬರ್ರಿ ಬರ್ರಿ! ಗಲ್ಲಕ್ಕ ಕೈ ಹಚ್ಚಿದ ಫೋಟೋದಾಗ ನೋಡೇನ್ರಿ ನಿಮ್ಮನ್ನ. ನಾವು ಮುಂಡಗೋಡ ಕಡಿಯವ್ರು. ನಿಮ್ಮ ಬ್ಲಾಗ್ ಭಾಳ ಉಪಕಾರ ಆತ್ರಿ!"

"ನನ್ನ ಬ್ಲಾಗ್ ಓದಿದ್ರಾ?" ಎಂದೆ. ಆ ಹೊತ್ತಿನಲ್ಲೂ ನನ್ನ ಧ್ವನಿಯಲ್ಲಿ ಹಿಗ್ಗು ಇತ್ತು. ದೇವರಾಣೆ, ಇತ್ತು.

"ಓದೋದು ಅಂದ್ರ... ಭಾಳ ಉದ್ದ ಐತ್ರಿ ಅದು. ಕೆಳಗ ಮ್ಯಾಪ್ ಹಾಕೀರಲ್ರಿ, ಅದನ್ನ ಒತ್ತಿದ್ವಿ. ಸೀದಾ ಮರದ ಬುಡಕ್ಕ ತಂದು ನಿಲ್ಲಸ್ತು!"

ಮೊಬೈಲು ತೆಗೆದು ತೋರಿಸಿದ. "ಪ್ರಾಣ ಹೋದರೂ ಹೇಳೆ!" ಎಂಬ ದಪ್ಪ ಅಕ್ಷರಗಳ ಕೆಳಗೆ, ಫೋಟೋ ತೆಗೆದ ಜಾಗದ ನಕ್ಷೆ. ನಡುವೆ ಒಂದು ಕೆಂಪು ಬೊಟ್ಟು. ಹಸಿರು ದೀಪ ಹೊತ್ತಿಸಿದ ಆ ಕೊನೆಯ ಚೌಕ ಯಾವುದೆಂದು ಆಗ ಗೊತ್ತಾಯಿತು.

"ಅಕ್ಕಾರ, ಸರ್ ಜೋಡಿ ನಂದೊಂದು ಫೋಟೋ ಹೊಡೀರಿ" ಎಂದು ಅವನು ಮೊಬೈಲನ್ನು ವೇದಾಳ ಕೈಗೇ ಕೊಟ್ಟ. ಅವಳು ತೆಗೆದುಕೊಂಡಳು. ನಾನು ಆ ಬೋಳು ಮರದ ಕೆಳಗೆ, ನನ್ನ ಓದುಗನ ಹೆಗಲ ಪಕ್ಕ ನಿಂತೆ.

"ಚೊಲೋ ನೆಗ್ಯಾಡಿ" ಎಂದಳು.

ನಾನು ನಕ್ಕೆ. ನಗಬಾರದಿತ್ತು.

ಕಾರಿನಲ್ಲಿ ಅವಳು ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ, "ಅಣ್ಣನ ಹತ್ರ ಆನು ಜವಾಬ್ದಾರಿ ಹೇಳಿ ಹೇಳಿದ್ದೆ. ಇನ್ನು ಆ ಮನೇಲಿ ಯಾವ ಬಾಯಲ್ಲಿ ಮಾತಾಡವು?" ಎಂದಳು. ನನಗೆ ಆಗ ನಿಜಕ್ಕೂ ಸಂಕಟವಾಯಿತು. ಸಂಕಟದಲ್ಲಿ ನನ್ನ ಬುದ್ಧಿ ಇನ್ನೂ ಚುರುಕಾಗುತ್ತದೆ. ಸುಬ್ರಾಯನಿಗೆ ಹೇಳಲು ನಾನೊಂದು ಅಮೋಘ ಕಾರಣ ಸಿದ್ಧಪಡಿಸಿದೆ.

ಮಾವನಮನೆಯ ಜಗಲಿಯಲ್ಲಿ ಸುಬ್ರಾಯ ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಳಿತಿದ್ದ. ಪಕ್ಕದಲ್ಲಿ ತೊಳೆದು ಒಣಗಿಸಿದ ಖಾಲಿ ಜಾಡಿಗಳು ಬಾಯಿ ತೆರೆದು ನಿಂತಿದ್ದವು.

"ಮಿಡಿ ಎಲ್ಲಿ ಭಾವ?"

"ಎಂತ ಹೇಳದು ಭಾವ, ಮಂಗ! ಒಂದು ಹಿಂಡು ಮಂಗ ಬಂದು ಪೂರ್ತಿ ಹಾಳು ಮಾಡಿ ಹೋಯ್ದ!"

ಸುಬ್ರಾಯ ತಲೆದಿಂಬಿನ ಕೆಳಗಿನಿಂದ ಮೊಬೈಲು ತೆಗೆದ. ಕನ್ನಡಕ ಏರಿಸಿದ. ನಾನೇ ಕೊಟ್ಟ ಕನ್ನಡಕ, ಅಕ್ಷರ ಚೆನ್ನಾಗಿ ಕಾಣಲೆಂದು ಕಾಳಜಿಯಿಂದ ಮಾಡಿಸಿಕೊಟ್ಟದ್ದು. ಗಂಟಲು ಸರಿಮಾಡಿಕೊಂಡು ಪುರಾಣ ಓದುವ ಧಾಟಿಯಲ್ಲಿ ಓದಿದ: "ಪ್ರಾಣ ಹೋದರೂ ಹೇಳೆ!"

ಆಮೇಲೆ ನನ್ನನ್ನು ನೋಡಿ, "ಇಡೀ ತಾಲೂಕು ನಂಗೆ ಇದನ್ನ ಕಳಿಸ್ತಾ ಇದ್ದು ಭಾವ. ಮಂಗಂಗೆ ಮ್ಯಾಪ್ ಮಾಡಿ ಕೊಟ್ಟವು ಯಾರು?" ಎಂದ.

ನಾನು ಅಲ್ಲೇ ಬ್ಲಾಗನ್ನು ಅಳಿಸಲು ಹೊರಟೆ. ವೇದಾ ತಡೆದಳು.

"ತೆಗೆಯಡಿ. ಮಿಡಿ ಅಂತೂ ಹೋತು. ಯಾರಿಂದ ಹೋತು ಹೇಳದಾದ್ರೂ ಊರಿಗೆ ಗೊತ್ತಿರ್ಲಿ. ಗಲ್ಲಕ್ಕೆ ಕೈ ಇಟ್ಟ ಫೋಟೋ ಇದ್ದಲ, ಅದೂ ಇರ್ಲಿ."

"ಬ್ಯಾಡ, ತೆಗೀಲಿ. ಮರ ಬದುಕಿದ್ರೆ ಮುಂದಿನ ವರ್ಷಕ್ಕಾದ್ರೂ ಆಗ್ಲಿ" ಎಂದ ಸುಬ್ರಾಯ. ತಂಗಿಗೆ ಮಾತ್ರ ಅವನು ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು. ಅವಳು ಖಾಲಿ ಜಾಡಿಗಳನ್ನು ಒಂದೊಂದಾಗಿ ಎತ್ತಿ ಒಳಗೆ ಇಟ್ಟು ಬಂದಳು.

ಅಳಿಸುವ ಗುಂಡಿ ಒತ್ತಿದೆ. "ಇದು ನಿಮ್ಮ ಅತ್ಯಂತ ಜನಪ್ರಿಯ ಬರಹ. ಖಚಿತವಾಗಿ ಅಳಿಸಬೇಕೇ?" ಎಂದು ಮೊಬೈಲು ಕೇಳಿತು. ಇದ್ದದ್ದೇ ಒಂದು ಬರಹ! ಆದರೂ ಆ ಮಾತಿಗೆ ನನ್ನ ಬೆರಳು ತಡೆಯಿತು. ಅಣ್ಣ ತಂಗಿ ಇಬ್ಬರೂ ಅತ್ತ ತಿರುಗಿದ ಹೊತ್ತಿಗೆ, ಓದುಗರ ಸಂಖ್ಯೆ ಕಾಣುವಂತೆ ಆ ಪುಟದ ಒಂದು ಫೋಟೋ ಹಿಡಿದಿಟ್ಟುಕೊಂಡೆ. ಆಮೇಲೆ ಅಳಿಸಿದೆ. ಮನೆತನದ ಮರ ಬೋಳಾಯಿತು, ಹೆಂಡತಿ ತವರಿನಲ್ಲಿ ತಲೆ ತಗ್ಗಿಸಿದಳು, ಅಷ್ಟರ ನಡುವೆ ನಾನು ಉಳಿಸಿಕೊಂಡದ್ದು ಇದನ್ನು! ಈಗಲೂ ಅಂಗಡಿಗೆ ಯಾರೂ ಬರದ ಹೊತ್ತಿನಲ್ಲಿ ಅದನ್ನು ತೆಗೆದು ನೋಡುತ್ತೇನೆ. ನಾಚಿಕೆಯಾಗುತ್ತದೆ. ಸಂಖ್ಯೆ ಸರಿಯಾಗಿ ಕಾಣಲೆಂದು ದೊಡ್ಡದು ಮಾಡಿ ನೋಡುತ್ತೇನೆ.