ಬಂಗಾರ ಬಳಿದ ಬೀರು

ಹೊಸ ಸಚಿವರು ಅಧಿಕಾರ ವಹಿಸಿಕೊಂಡ ದಿನ ತಮ್ಮ ಕೋಣೆಯ ನಾಲ್ಕು ಗೋಡೆಗಳನ್ನೂ ಒಮ್ಮೆ ನೋಡಿ, "ಇದು ಸಚಿವರ ಕೋಣೆನೋ, ಗೋದಾಮೋ? ಇದು ಫಳಫಳ ಅನ್ನೋವರೆಗೂ ನಾನು ಒಂದು ಸಹೀನೂ ಹಾಕಲ್ಲ" ಎಂದರು. ರಾಜಕಾರಣಿಗಳು ಮಾತಿಗೆ ತಪ್ಪುತ್ತಾರೆ ಎನ್ನುವವರು ಗಮನಿಸಬೇಕು: ಮೂರು ತಿಂಗಳಾದರೂ ಅವರು ಪೆನ್ನು ಮುಟ್ಟಲಿಲ್ಲ.

ತೂಕ ಮತ್ತು ಅಳತೆ ಇಲಾಖೆಯ ಕಡತಗಳೆಲ್ಲ ಆ ಕೋಣೆಯ ಉಕ್ಕಿನ ಬೀರುವಿನಲ್ಲಿ ಸಹಿಗಾಗಿ ಕಾಯುತ್ತ ಕುಳಿತವು. ಅವುಗಳಲ್ಲೊಂದು ದಾಸ್ತಾನು ಗುಮಾಸ್ತನ ವರ್ಗಾವಣೆ ಅರ್ಜಿ. ಕಚೇರಿಯ ಕುರ್ಚಿ, ಮೇಜು, ಫ್ಯಾನು, ಕಸದ ಬುಟ್ಟಿಗಳನ್ನೆಲ್ಲ ಪಟ್ಟಿಯಲ್ಲಿ ಬರೆದು ಕಾಯುವುದು ಅವನ ಕೆಲಸ. ಅವನ ಹೆಂಡತಿ ಹನ್ನೊಂದು ಗಂಟೆ ರೈಲುದಾರಿಯ ಆಚೆಯ ಊರಿನಲ್ಲಿ ಅದೇ ಇಲಾಖೆಯ ತಕ್ಕಡಿ ಇನ್ಸ್‌ಪೆಕ್ಟರು. ವರ್ಷದ ಮಗಳು ಅಮ್ಮನ ಜೊತೆಗಿದ್ದಳು. ಅಪ್ಪ ಹೋದಾಗಲೆಲ್ಲ ಯಾರೋ ಕಳ್ಳ ನುಗ್ಗಿದನೆಂಬಂತೆ ಅವಳು ಕಿರುಚಿಕೊಳ್ಳುವಳು. ಮೂರನೆಯ ದಿನ ಒಗ್ಗಿಕೊಂಡು ತೊಡೆಯೇರುವಷ್ಟರಲ್ಲಿ ಇವನ ರಜೆ ಮುಗಿದಿರುತ್ತಿತ್ತು. ವಾಪಸು ಬರುವ ರೈಲಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದ.

ಈ ವರ್ಷದ ವರ್ಗಾವಣೆಗೆ ಇವತ್ತು ಸಂಜೆ ಐದೂವರೆಗೆ ಕೊನೆ. ತಪ್ಪಿದರೆ ಮತ್ತೆ ಮುಂದಿನ ವರ್ಷ. ಸಚಿವರು ಹೊಸ ಕೋಣೆಗೆ ಬರುವುದೂ ಇವತ್ತೇ, ನಾಲ್ಕು ಗಂಟೆಗೆ.

"ರೀ, ಇವತ್ತಾದ್ರೂ ಆಗುತ್ತಾ?" ಎಂದು ಬೆಳಿಗ್ಗೆಯೇ ಹೆಂಡತಿ ಫೋನು ಮಾಡಿದ್ದಳು.

"ಆಗೇ ಆಗುತ್ತೆ. ಬೀರು ತೆಗೆದು ಕಡತ ಮೇಜಿನ ಮೇಲಿಡೋದಷ್ಟೇ ಬಾಕಿ."

"ನೀವು ಅಷ್ಟೇ ಅಂದಾಗಲೇ ನನಗೆ ಭಯ."

ಹನ್ನೊಂದಕ್ಕೆ ಬೀರು ತೆಗೆಯಲೆಂದು ಕೋಣೆಗೆ ಹೋದ ಗುಮಾಸ್ತ ಬಾಗಿಲಲ್ಲೇ ಕಣ್ಣು ಕಿರಿದು ಮಾಡಿಕೊಂಡ. ಸಿಂಹದ ತಲೆಯ ಕುರ್ಚಿಯೇನೋ ಬಂಗಾರದ್ದಾಗಬೇಕಿತ್ತು, ಆಗಿತ್ತು. ಆದರೆ 'ಒಂದನ್ನೂ ಬಿಡಬೇಡ' ಎಂಬ ಆಪ್ತ ಸಹಾಯಕರ ಅಪ್ಪಣೆಯನ್ನು ಪೇಂಟರ್ ತಲೆಯ ಮೇಲೆ ಹೊತ್ತುಕೊಂಡಿದ್ದ. ಫ್ಯಾನು, ಸ್ವಿಚ್ಚು, ಟೆಲಿಫೋನು, ಕಸದ ಬುಟ್ಟಿ ಎಲ್ಲ ಬಂಗಾರ. ಗೋಡೆ ಗಡಿಯಾರಕ್ಕೆ ಗಾಜಿನ ಸಮೇತ ಬಳಿದಿದ್ದರಿಂದ ಟಿಕ್ ಟಿಕ್ ಕೇಳಿಸುತ್ತಿತ್ತೇ ಹೊರತು ಗಂಟೆಯೆಷ್ಟೆಂದು ಆ ಗಡಿಯಾರಕ್ಕೇ ಗೊತ್ತು. ಬೀರುವಿಗೆ ಮೂರು ಕೋಟು ಬಣ್ಣ ಬಿದ್ದಿತ್ತು. ಬಾಗಿಲಿನ ಸಂದು, ಬೀಗದ ತೂತು ಎಲ್ಲ ಮುಚ್ಚಿ ಅದು ಬೆಲ್ಲದ ಅಚ್ಚಿನಂತೆ ನಿಂತಿತ್ತು.

"ಏನಪ್ಪಾ, ಕೀಲಿಕೈ ಎಲ್ಲಿ ಹಾಕಲಿ?"

"ತೂತು ಅಸಹ್ಯವಾಗಿ ಕಾಣ್ತಿತ್ತು ಸಾರ್. ಅದಕ್ಕೇ ಮುಚ್ಚಿಬಿಟ್ಟೆ" ಎಂದ ಪೇಂಟರ್, ಹೊಗಳಿಕೆಗಾಗಿ ಕಾಯುತ್ತ.

ಸುದ್ದಿ ಹಬ್ಬಿ ಕಚೇರಿಯ ಸಲಹೆಗಾರರೆಲ್ಲ ಬಂದರು. "ಸೀಮೆಎಣ್ಣೆ ಹಚ್ಚಿ ತಿಕ್ಕಿ, ಬಿಟ್ಕೊಳ್ಳುತ್ತೆ" ಎಂದಳು ಟೈಪಿಸ್ಟ್. ಗುಮಾಸ್ತ ತಿಕ್ಕಿದ. ಬಾಗಿಲು ಬಿಟ್ಟುಕೊಳ್ಳಲಿಲ್ಲ, ಬಣ್ಣ ಬಿಟ್ಟುಕೊಂಡಿತು. ಬಂಗಾರದ ನಡುವೆ ಅಂಗೈಯಗಲದ ಬೂದು ಉಕ್ಕು ಇಣುಕಿತು. ಅಷ್ಟರಲ್ಲಿ ಒಳಗೆ ಬಂದ ಸಚಿವರ ಆಪ್ತ ಸಹಾಯಕರು ಎದೆ ಹಿಡಿದುಕೊಂಡು, "ಯಾರು ನನ್ನ ಕೆಲಸಕ್ಕೆ ಕಲ್ಲು ಹಾಕ್ತಿರೋದು?" ಎಂದು ಕೂಗಾಡಿದರು. ಬೀರುವಿಗೆ ನಾಲ್ಕನೆಯ ಕೋಟು ಬಿತ್ತು.

"ನಮ್ಮ ಭಾವನ ಮನೇಲಿ ಹೀಗೇ ಆಗಿತ್ತು. ಹಿಂದಿನ ತಗಡು ಬಿಚ್ಚಿದ್ರು" ಎಂದ ಲಿಫ್ಟಿನವನು. ಮೂರು ತಿಂಗಳಲ್ಲಿ ಆ ಕೋಣೆಯಲ್ಲಿ ಕೇಳಿಬಂದ ಮೊದಲ ಬುದ್ಧಿಯ ಮಾತು ಅದು. ಆದರೆ ಸಹಾಯಕರನ್ನು ಒಪ್ಪಿಸುವಷ್ಟರಲ್ಲಿ ಮೂರು ಗಂಟೆಯಾಯಿತು. ಹೊಸ ಕಾರ್ಪೆಟ್ಟಿಗೆ ಹಳೆಯ ಪೇಪರು ಹಾಸಿ, ನಾಲ್ವರು ಬೀರುವನ್ನು ಗೋಡೆಯಿಂದ ಎಳೆದರು. ಗುಮಾಸ್ತ ಹಿಂದೆ ನುಸುಳಿ ತಿರುಪು ಬಿಚ್ಚತೊಡಗಿದ. ಎಂಟನೆಯ ತಿರುಪು ಹಟ ಹಿಡಿಯಿತು. ಸಿಟ್ಟಿನಿಂದ ಬಲವಾಗಿ ತಳ್ಳಿದ. ಬೀರು ಅಲುಗಿ, ಪೇಂಟರ್ ಅದರ ಮೇಲೆ ಮರೆತಿದ್ದ ಬಣ್ಣದ ಬಕೆಟ್ಟು ಮಗುಚಿ ಅವನ ತಲೆಯಿಂದ ಪಾದದವರೆಗೆ ಬಂಗಾರದ ಅಭ್ಯಂಜನವಾಯಿತು.

ಬೇರೆ ದಿನವಾಗಿದ್ದರೆ ಅವನು ಬಚ್ಚಲಿಗೆ ಓಡುತ್ತಿದ್ದ. ಇವತ್ತು ತಿರುಪು ಬಿಚ್ಚಿ, ಕೈಗೆ ಪೇಪರು ಸುತ್ತಿಕೊಂಡು, ತನ್ನ ಕಡತವನ್ನು ಒಂದು ಚುಕ್ಕೆಯೂ ಬೀಳದಂತೆ ಹೊರಗೆಳೆದ. ಎಲ್ಲರೂ ಸೇರಿ ಬೀರುವನ್ನು ಗೋಡೆಗೆ ತಳ್ಳಿದರು.

ಆಗ ಅಂಗಳದಲ್ಲಿ ಸೈರನ್ ಕೇಳಿಸಿತು. ಸಚಿವರು ಅರ್ಧ ಗಂಟೆ ಮೊದಲೇ ಬಂದಿದ್ದರು. ಸಲಹೆಗಾರರು ಪಕ್ಕದ ಬಾಗಿಲಿನಿಂದ ಮಂಗಮಾಯವಾದರು. ಗುಮಾಸ್ತನೂ ಕಾಲೆತ್ತಿದ.

"ಹೆಜ್ಜೆ ಇಟ್ಟೀರಿ ಜೋಕೆ! ಕಾರ್ಪೆಟ್ ಹಾಳಾದ್ರೆ ನಾನು ಸತ್ತೆ!" ಎಂದು ಸಹಾಯಕರು ಹಲ್ಲು ಕಚ್ಚಿಕೊಂಡು ಹೇಳಿದರು.

ಅವನು ಪೇಪರಿನ ಮೇಲೆಯೇ ಉಸಿರು ಬಿಗಿಹಿಡಿದು ನಿಂತ. ಮೈಯ ಬಣ್ಣ ತಾಗದಿರಲೆಂದು ಕಡತವನ್ನು ಎರಡೂ ಕೈಗಳಲ್ಲಿ ಮುಂದಕ್ಕೆ ಚಾಚಿದ್ದ.

ಸಚಿವರು ಬಂದರು, ಸುತ್ತ ನೋಡಿದರು, ಬೀರುವಿನ ಪಕ್ಕಕ್ಕೆ ಬಂದು ನಿಂತುಬಿಟ್ಟರು.

"ಈ ಬೊಂಬೆ ಮಾಡಿಸಿದ್ದು ಯಾರು?"

ಸಹಾಯಕರು ಕೈ ಜೋಡಿಸಿದರು. "ತಮಗೆ... ಆಶ್ಚರ್ಯ ಆಗಲಿ ಅಂತ, ಸಾರ್."

"ಏನು ಕೈಚಳಕ! ಆ ಮುಖದ ಸಂಕಟ ನೋಡ್ರೀ. ಪ್ರಜೆ ಬಂದು ಅರ್ಜಿ ಹಿಡ್ಕೊಂಡು ನಿಂತ ಹಾಗೇ ಇದೆ." ಸಚಿವರು ಆ ಕೈಗಳಿಂದ ಕಡತ ತೆಗೆದುಕೊಂಡು, ಬಿಚ್ಚಿ, ಓದದೆಯೇ ಸಹಿ ಹಾಕಿದರು. "ನನ್ನ ಮೊದಲ ಸಹಿ ಈ ಬೊಂಬೆ ಕೊಟ್ಟ ಕಡತಕ್ಕೇ."

ಗುಮಾಸ್ತನಿಗೆ ತಡೆಯಲಾಗಲಿಲ್ಲ. ಕಣ್ಣಿಂದ ಒಂದು ಹನಿ ಜಾರಿ ಕೆನ್ನೆಯ ಮೇಲೆ ಇಳಿಯಿತು.

"ಕಣ್ಣೀರು ಬೇರೆ ಬರೋ ಹಾಗೆ ಮಾಡಿದ್ದಾರೆ!" ಎಂದು ಸಚಿವರು ಪುಳಕಗೊಂಡು, ಮೇಜಿನ ಮೇಲಿದ್ದ ದಾಸ್ತಾನು ಪಟ್ಟಿಯ ಕೊನೆಗೆ ತಾವೇ ಒಂದು ಸಾಲು ಬರೆದು ಸಹಿ ಮಾಡಿ, ಪಕ್ಕದ ಸಭೆಗೆ ಹೋದರು.

ಬಾಗಿಲು ಮುಚ್ಚಿದ್ದೇ ತಡ ಗುಮಾಸ್ತ ಪೇಪರಿನ ಮೇಲೆ ಕುಣಿದ. "ಆಯ್ತು ಸಾರ್, ವರ್ಗ ಆಯ್ತು! ಈಗಲೇ ಇನ್ನೊಬ್ಬ ಗುಮಾಸ್ತನಿಗೆ ಎಲ್ಲ ಒಪ್ಪಿಸಿ ರಾತ್ರಿ ರೈಲಿಗೆ ಹೋಗ್ತೀನಿ."

ಸಹಾಯಕರು ಪಟ್ಟಿಯನ್ನು ಅವನ ಕಣ್ಣ ಮುಂದೆ ಹಿಡಿದರು. ಕೊನೆಯ ಸಾಲು ಹೀಗಿತ್ತು: 'ಬಂಗಾರದ ಬೊಂಬೆ, ಒಂದು. ನಾನಿರುವವರೆಗೆ ಈ ಕೋಣೆಯಿಂದ ಕದಲಕೂಡದು.'

"ಪಟ್ಟಿಯಲ್ಲಿರೋ ಒಂದೊಂದು ಸಾಮಾನನ್ನೂ ಕಣ್ಣಿಗೆ ತೋರಿಸಿ ಒಪ್ಪಿಸಿದ ಮೇಲೇ ನಿಮಗೆ ಬಿಡುಗಡೆ. ಈ ನಿಯಮ ನಮಗಿಂತ ಚೆನ್ನಾಗಿ ನಿಮಗೇ ಗೊತ್ತಲ್ಲ?"

"ಆ ಬೊಂಬೆ ನಾನೇ ಅಲ್ವಾ ಸಾರ್!"

"ಅದು ನನಗೂ ನಿಮಗೂ ಗೊತ್ತು. ಪಟ್ಟಿಗೆ ಗೊತ್ತಿಲ್ಲ."

"ಹಾಗಾದ್ರೆ ಸಾಹೇಬರಿಗೆ ನಿಜ ಹೇಳಿಬಿಡಿ."

"ಮೂರು ತಿಂಗಳಲ್ಲಿ ಅವರ ಮನಸ್ಸಿಗೆ ಬಂದಿದ್ದು ಇದೊಂದೇ. ನೀವೇ ಹೇಳಿ, ಬೇಡ ಅನ್ನಲ್ಲ" ಎಂದು ಸಹಾಯಕರು ಬಾಗಿಲು ತೆಗೆದು ತೋರಿಸಿದರು. ಬಾಗಿಲ ಹೊರಗೆ ಇಬ್ಬರು ಪೊಲೀಸರು ನಿಂತಿದ್ದರು. "ಗುಮಾಸ್ತ ಧಾರಾಳವಾಗಿ ಹೋಗಬಹುದು ರೀ. ಬೊಂಬೆ ಹೋಗೋ ಹಾಗಿಲ್ಲ. ನಾಳೆ ಹತ್ತಕ್ಕೆ ಸರಿಯಾಗಿ ಬಂದು ನಿಂತ್ಕೊಳ್ಳಿ."

ಬಂಗಾರದ ಟೆಲಿಫೋನು ಬಡಿದುಕೊಂಡಿತು. ಕಚೇರಿಯವರು ಈ ಕೋಣೆಗೆ ಜೋಡಿಸಿದ ಕರೆ, ಅವನ ಹೆಂಡತಿಯದೇ.

"ರೀ, ಸಹಿ ಆಯ್ತಾ?"

"ಆಯ್ತು."

ಆ ಕಡೆ ಅವಳು ಸಂತೋಷಕ್ಕೆ ಅಳುವುದು ಕೇಳಿಸಿತು. "ಯಾವಾಗ ಬರ್ತೀರಾ?"

ಅವನು ಪಟ್ಟಿಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಂಡ.

"ನೀನೇ ಮಗೂನ ಕರ್ಕೊಂಡು ಬಾ. ಮಂಗಳವಾರ ಮೂರರಿಂದ ನಾಲ್ಕರವರೆಗೆ ಈ ಕೋಣೆ ನೋಡೋಕೆ ಜನರನ್ನ ಬಿಡ್ತಾರಂತೆ."

"ಅಷ್ಟು ಜನರ ಮಧ್ಯೆ ನಿಮ್ಮನ್ನ ಎಲ್ಲಿ ಹುಡುಕೋದು?"

"ಬೀರು ಪಕ್ಕದಲ್ಲೇ ನಿಂತಿರ್ತೀನಿ. ಆದ್ರೆ ಮಾತಾಡಿಸಬೇಡ."