ಕಟ್ಟೆಯಿಲ್ಲದ ಕಾಡು ಮತ್ತು ಬ್ಯಾಟರಿ ಸೈಕಲ್

ನಮ್ಮ ಶಾಲೆಯಲ್ಲಿ ಒಂದು ಕೆಲಸ ತಂಟೆಯಿಲ್ಲದೆ ಮುಗಿದರೆ, ಏನೋ ಮರೆತಿದ್ದೇವೆ ಎಂದು ನಾವೇ ತಿರುಗಿ ನೋಡುತ್ತೇವೆ. ಬ್ಯಾಟರಿ ಸೈಕಲ್ ಪ್ರವಾಸದಲ್ಲಿ ಹಾಗೆ ತಿರುಗಿ ನೋಡುವ ಪ್ರಸಂಗವೇ ಬರಲಿಲ್ಲ. ತಂಟೆ ಮೊದಲ ಮೀಟಿಂಗಿನಲ್ಲೇ ಶುರುವಾಗಿತ್ತು.

ಒಂದು: ಮೀಟಿಂಗು

ಅಣಶಿ ಕಾಡಿಗೆ ಹೋಗಿ, ಅಲ್ಲಿ ಬಾಡಿಗೆಗೆ ಸಿಗುವ ಬ್ಯಾಟರಿ ಸೈಕಲ್ ಮೇಲೆ ದಿನವಿಡೀ ಸುತ್ತಬೇಕೆಂಬ ವಿಚಾರ ಹಿಂದಿ ಮಾಸ್ತರರದು. ಶಾಲೆಯ ಮಾಸ್ತರರು, ಅಕ್ಕೋರುಗಳೆಲ್ಲ ಕೂತು ಒಂದು ತಾಸು ಚರ್ಚೆ ಮಾಡಿದೆವು. ಐದು ನಿಮಿಷ ಸೈಕಲ್ಲಿನದು, ಉಳಿದದ್ದೆಲ್ಲ ರೊಟ್ಟಿ ಕಡಕ್ ಇರಬೇಕೋ ಮೆತ್ತಗಿರಬೇಕೋ ಎಂಬುದು. ಕೊನೆಗೆ ಹೆಡ್‌ಮಾಸ್ತರರು ಎದ್ದು, "ಗಂಡಸ್ರು ಸೈಕಲ್ ಮ್ಯಾಲೆ, ಹೆಣ್ಣಮಕ್ಳು ಬುತ್ತಿ ತೊಗೊಂಡು ಜೀಪಿನ್ಯಾಗ," ಎಂದು ತೀರ್ಪು ಕೊಟ್ಟರು.

ನನಗೆ ಮೈಯೆಲ್ಲ ಉರಿಯಿತು. "ಸರ, ನಾ ಹದಿನೈದು ವರ್ಷ ಆತು, ದಿನಾ ಸಾಲಿಗೆ ಸೈಕಲ್ ಮ್ಯಾಲೇ ಬರ್ತೀನ್ರಿ. ನಾ ಯಾಕ ಜೀಪ್ ಹತ್ತಲಿ?"

"ಹಂಗಾರ ನೋಡೇ ಬಿಡೂಣು ಅಕ್ಕೋರ," ಎಂದು ಹೆಡ್‌ಮಾಸ್ತರರು ನಕ್ಕರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಅಂಗೈ ಬೆವೆತು ಸದ್ದೇ ಬರಲಿಲ್ಲ.

ಎರಡು: ಗುಟ್ಟು

ನನಗೆ ಸೈಕಲ್ ಹೊಡೆಯಲು ಬರುತ್ತದೆ. ಹತ್ತಲು, ಇಳಿಯಲು ಬರುವುದಿಲ್ಲ. ನನಗೆ ಎತ್ತರ ಕೊಡುವಾಗ ದೇವರು ಕೈ ಬಿಗಿ ಹಿಡಿದ, ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಮನೆಯ ಕಟ್ಟೆ ಮೇಲೆ ನಿಂತು ಹತ್ತುತ್ತೇನೆ, ಶಾಲೆಯ ಕಟ್ಟೆಗೆ ಕಾಲು ಕೊಟ್ಟು ಇಳಿಯುತ್ತೇನೆ. ನಡುವೆ ಯಾರು ಕರೆದರೂ ನಿಲ್ಲುವುದಿಲ್ಲ. ಒಮ್ಮೆ ಗುಡಗೇರಿ ಸಂತೆಯ ದಿನ ನನ್ನ ಅತ್ತೆಯವರೇ ಕೈ ಮಾಡಿ ಕರೆದರೂ, "ಬಂದೆ ಅತ್ತಿ," ಎನ್ನುತ್ತ ಮುಂದೆ ಹೋಗಿಬಿಟ್ಟಿದ್ದೆ.

"ಅಕ್ಕೋರಿಗೆ ಟೈಮಿನ ಕಿಮ್ಮತ್ತು ಗೊತ್ತೈತಿ," ಎಂದು ಊರವರು ಹೊಗಳಿದರು. ಅತ್ತೆ ಎರಡು ವಾರ ಮಾತು ಬಿಟ್ಟರು.

ಮೂರು: ಫೋನು

ಬಾಗಿಲು ಹಾಕಿಕೊಂಡು ಸೈಕಲ್ ಬಾಡಿಗೆ ಕೊಡುವವನಿಗೆ ಫೋನ್ ಮಾಡಿದೆ.

"ಅಲ್ಲಿ ಕಟ್ಟಿ ಐತೇನ್ರಿ?"

"ಎಂಥಾ ಕಟ್ಟಿ ಬೇಕ್ರಿ?"

"ಎಂಥಾದಾದ್ರೂ ನಡೀತೈತ್ರಿ. ಗೇಣೆತ್ತರ ಇದ್ರ ಸಾಕು."

"ಅಕ್ಕಾರ, ಇದು ಕಾಡ್ರಿ. ಹುಲಿ ಅದಾವ, ಕಟ್ಟಿ ಇಲ್ಲ."

ಸಾಲದ್ದಕ್ಕೆ, ಮೊದಲು ಮೈದಾನದಲ್ಲಿ ಒಂದು ಸುತ್ತು ಹೊಡೆದು ತೋರಿಸಬೇಕು, ಬರದವರು ಜೀಪಿಗೆ ಎಂದೂ ಹೇಳಿದ. ಜೀಪ್ ಹತ್ತಿದರೆ ನಾನು ರಿಟೈರ್ ಆಗುವ ತನಕ ಹೆಡ್‌ಮಾಸ್ತರರ ನಗೆ ಸಹಿಸಬೇಕು. ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಎಲ್ಲ ಹೇಳಿದೆ. ಅದನ್ನು ಕೇಳಿ ಅವರು, "ಕಟ್ಟಿ ಇಲ್ಲಂದ್ರ ಏನಾತು? ಈ ಮಣಿ ಒಯ್ಯಿ," ಎಂದು ತಾವು ಊಟಕ್ಕೆ ಕೂತಿದ್ದ ಗೇಣೆತ್ತರದ ಮರದ ಮಣೆಯನ್ನೇ ಎಳೆದು ಕೊಟ್ಟರು. ಮದುವೆಯಾದಾಗಿನಿಂದ ಅವರು ನನಗಾಗಿ ಏನಾದರೂ ಬಿಟ್ಟುಕೊಟ್ಟದ್ದು ಅದೇ ಮೊದಲು.

ನಾಲ್ಕು: ಸುತ್ತು

"ಮಣಿ ಯಾಕ್ರೀ ಅಕ್ಕೋರ?" ಎಂದು ಹಿಂದಿ ಮಾಸ್ತರರು ದಾರಿಯುದ್ದಕ್ಕೂ ಕೇಳಿದರು. "ನೆಲ ಹಸಿ ಇರ್ತೈತ್ರಿ, ಊಟಕ್ಕ ಕೂಡಾಕ," ಎಂದೆ. ಆ ಸುಳ್ಳೇ ನನಗೆ ಮುಳುವಾಯಿತು.

ಮೈದಾನದಲ್ಲಿ ಹೆಡ್‌ಮಾಸ್ತರರು ನೀಟಾಗಿ ಒಂದು ಸುತ್ತು ಹೊಡೆದು, ಇಳಿದು, ಮೀಸೆ ತಿರುವಿದರು. ನನ್ನ ಪಾಳಿ ಬಂತು. ಸೀಟು ಪೂರಾ ಇಳಿಸಿದರೂ ಕಾಲು ಗಾಳಿಯಲ್ಲೇ. ಎಲ್ಲರೂ ಚಹಾ ತೊಗೊಳ್ಳಲು ಆಚೆ ತಿರುಗಿದ ಹೊತ್ತು ನೋಡಿ, ಮಣೆ ಮೇಲೆ ನಿಂತು, ಕುಲದೇವರನ್ನು ನೆನೆದು ಹತ್ತಿದೆ. ಸೈಕಲ್ ಸುಂಯ್ ಎಂದು ಹೊರಟಿತು.

"ಪಾಸ್ ಅಕ್ಕಾರ! ಇಳೀರಿ!" ಎಂದ ಬಾಡಿಗೆಯವನು.

ಮಣೆ ಹುಡುಕಿದೆ. ಅದರ ಮೇಲೆ ಹಿಂದಿ ಮಾಸ್ತರರು ಕೂತು ಆರಾಮಾಗಿ ಚಹಾ ಕುಡಿಯುತ್ತಿದ್ದರು.

ಎರಡನೇ ಸುತ್ತು ಹೊಡೆದೆ. ಮೂರನೆಯದೂ ಆಯಿತು. "ಏನ್ ಹುರುಪ್ರಿ ಅಕ್ಕೋರದು!" ಎಂದರು ಹೆಡ್‌ಮಾಸ್ತರರು. ನಾನು ಮಣೆಯ ಕಡೆಗೇ ನೋಡುತ್ತ ನಾಲ್ಕನೆಯದಕ್ಕೆ ತಿರುಗಿದೆ. ಹಿಂದಿ ಮಾಸ್ತರರು ಇನ್ನೊಂದು ಕಪ್ ಚಹಾ ತರಿಸಿದರು. ಐದನೇ ಸುತ್ತಿಗೆ ನನ್ನ ಮರ್ಯಾದೆಯ ಆಸೆ ಬಿಟ್ಟು ಚೀರಿದೆ: "ಸರ, ಮಣಿ! ಮಣಿ ತರ್ರಿ! ಅದಿಲ್ದ ಇಳಿಯಾಕ ಬರಂಗಿಲ್ಲ!"

ಹೆಡ್‌ಮಾಸ್ತರರು ಗಾಬರಿಯಿಂದ ಹಿಂದಿ ಮಾಸ್ತರರ ಬುಡದ ಮಣೆ ಕಿತ್ತುಕೊಂಡು ನನ್ನ ಬಾಜು ಓಡಿಬಂದರು. ಎರಡು ಸಲ ಇಟ್ಟರು, ಎರಡು ಸಲವೂ ದಾಟಿ ಹೋದೆ. ಮೂರನೇ ಸಲ ಕಾಲು ಮಣೆಗೆ ತಾಗಿತು, ಇಳಿದೆ. ಗುಟ್ಟು ಎಲ್ಲರಿಗೂ ತಿಳಿದುಹೋಯಿತು. ಇನ್ನು ಜೀಪೇ ಗತಿ ಎಂದು ಕಣ್ಣಲ್ಲಿ ನೀರು ಬಂತು.

ಬಾಡಿಗೆಯವನು ತಲೆ ಕೆರೆದುಕೊಂಡ. "ಅಕ್ಕಾರು ಐದು ಸುತ್ತು ಹೊಡದಾರ, ಪಾಸ್ ಅಂದ್ರ ಪಾಸ್. ಆದ್ರ ಅವರು ಇಳಿಯೂ ಜಾಗಾಕ್ಕ ಮಣಿ ಮೊದಲ ಮುಟ್ಟಿರಬೇಕ್ರಿ. ಜೀಪಿನ್ಯಾಗ ಯಾರರ ಒಯ್ಯಬೇಕು. ಮಣಿ ಇಡಾಕ ಯಾರಿಗೆ ಬರ್ತೈತ್ರಿ?"

ಎಲ್ಲರೂ ಹೆಡ್‌ಮಾಸ್ತರರ ಕಡೆ ನೋಡಿದರು. ಅವರಿನ್ನೂ ಬಗ್ಗಿ ಮಣೆ ಹಿಡಿದೇ ಇದ್ದರು.

ಅವತ್ತು ದಿನವಿಡೀ ನಾನು ಕಾಡಿನ ತಂಪಿನಲ್ಲಿ ಸೈಕಲ್ ಹೊಡೆದೆ. ನನ್ನ ಮುಂದೆ ಜೀಪಿನಲ್ಲಿ, ಬುತ್ತಿ ಗಂಟುಗಳ ನಡುವೆ, ತೊಡೆಯ ಮೇಲೆ ಮಣೆ ಇಟ್ಟುಕೊಂಡು ಹೆಡ್‌ಮಾಸ್ತರರು ಹೋಗುತ್ತಿದ್ದರು.