ನಾಲ್ಕನೇ ಡ್ರಾಯರು

ಪಿಕಪ್ಪಿನ ಹಿಂದೆ ಆರು ಡ್ರಾಯರು ಮಾಡಿಸಿದ್ದು ಗೌರೀಶನ ತಪ್ಪಲ್ಲ. ಅವು ಗಡಗಡ ಸದ್ದು ಮಾಡಬಾರದು ಅಂತ ಒಳಗೆ ಹೆಂಡತಿಯ ಹಳೇ ಸೀರೆ ತುರುಕಿದನಲ್ಲ, ಅಲ್ಲಿ ಎಡವಟ್ಟಾಯಿತು.

ಕೊಡಿಗೇನಹಳ್ಳಿ ಸುತ್ತಮುತ್ತ ಬೋರ್‌ವೆಲ್ ಮೋಟರು ಕೆಟ್ಟರೆ ಗೌರೀಶನಿಗೇ ಫೋನು. ಮೊದಲು ಅವನ ಸಾಮಾನೆಲ್ಲ ಗೋಣಿಚೀಲದಲ್ಲಿರುತ್ತಿತ್ತು. ಒಂದು ಸ್ಪ್ಯಾನರು ಬೇಕೆಂದರೆ ಇಡೀ ಚೀಲ ನೆಲಕ್ಕೆ ಸುರಿದು, ಕೋಳಿ ಕೆದಕಿದ ಹಾಗೆ ಕೆದಕಬೇಕು. ಬೇಸತ್ತು ಮಧುಗಿರಿಯ ವೆಲ್ಡಿಂಗ್ ಅಂಗಡಿಯಲ್ಲಿ ಪಿಕಪ್ಪಿನ ತಳದುದ್ದಕ್ಕೂ ಎರಡು ಸಾಲು ಡ್ರಾಯರು ಮಾಡಿಸಿ, ಮೇಲೆ ದಪ್ಪ ಹಲಗೆ ಹೊದಿಸಿದ. ಹಿಂಬದಿಯ ಬಾಗಿಲು ಇಳಿಸಿ ಎಳೆದರೆ ಸಾಕು, ಸ್ಪ್ಯಾನರು ಒಂದರಲ್ಲಿ, ಕೇಬಲ್ಲು ಇನ್ನೊಂದರಲ್ಲಿ. ಮೊದಲ ವಾರ ಊರಿನವರೆಲ್ಲ ಬಂದು ಎಳೆದು ಎಳೆದು ನೋಡಿ ಹೋದರು.

ಮೆಚ್ಚದವನು ಒಬ್ಬನೇ, ಹೆಣ್ಣು ಕೊಟ್ಟ ಮಾವ ಯತ್ತಪ್ಪ. "ಬೀರು ಹೊತ್ಕಂಡು ತಿರುಗಾಕೆ ಪಿಕಪ್ ಯಾಕಪ್ಪ ಬೇಕಿತ್ತು? ಮೊದ್ಲು ಹತ್ತು ಕುರಿ ಹಿಡಿಯೋದು. ಈಗ ಹಲಗೆ ಮ್ಯಾಕೆ ನಿಲ್ಲಿಸಿದ್ರೆ ಒಂದೊಂದೇ ಹೊರಕ್ಕೆ ಹಾರ್ತವೆ," ಎಂದು ನಾಲ್ಕು ಜನರ ಎದುರೇ ಅಂದಿದ್ದ. ಮಾವ ಒಂದು ದಿನವಾದರೂ "ಪರವಾಗಿಲ್ಲ ಕಣಪ್ಪ, ಉಪಯೋಗಕ್ಕೆ ಬಂತು" ಅನ್ನಲಿ ಅಂತ ಗೌರೀಶನಿಗೆ ಒಳಗೊಳಗೇ ಆಸೆ.

ಆ ದಿನ ಬಂದೇಬಿಟ್ಟಿತು ಅನ್ನಿಸಿದ್ದು ಪಂಚಾಯಿತಿ ಎಲೆಕ್ಷನ್ನಿಗೆ ಎರಡು ದಿನ ಇರುವಾಗ, ಬೆಳಿಗ್ಗೆ ಹತ್ತಕ್ಕೆ.

"ಅಳಿಯಾ, ಎಲ್ಲಿದ್ದೀಯಪ್ಪಾ?" ಫೋನಿನಲ್ಲಿ ಯತ್ತಪ್ಪ ಏದುಸಿರು ಬಿಡುತ್ತಿದ್ದ. "ಮೋಟ್ರು ಎತ್ತುತಾ ಇದ್ವಿ. ಅರ್ಧಕ್ಕೆ ಬಂದೈತೆ, ಕ್ಲಾಂಪು ಸೀಳ್ಬುಡ್ತು!"

"ನನ್ನ ಕರೀದಲೇ ಯಾಕ್ ಮಾವ ಎತ್ತಾಕ್ ಹೋದ್ರಿ?"

"ಕರೆದ್ರೆ ನೀನು ಬೀರು ಸಮೇತ ಬತ್ತೀಯಾ ಅಂತ. ಈಗ ಅದೆಲ್ಲಾ ಯಾಕಪ್ಪ? ನಾನು, ನಮ್ಮೂರ ಯೋಗೀಶ, ಸುನಿಲ, ಪಕ್ಕದ ಹೊಲದ ರಂಗೇಶ, ನಾಲ್ಕೂ ಜನ ಪೈಪಿಗೆ ಹಗ್ಗ ಸುತ್ತಿ ಹಿಡ್ಕಂಡಿದೀವಿ. ಕಟ್ಟಾಕೆ ಈ ಹೊಲದಾಗೆ ಒಂದು ಮರಾನೂ ಇಲ್ಲ. ಇನ್ನೊಂದು ಕ್ಲಾಂಪ್ ತಗಂಡು ಬೇಗ ಬಾರಪ್ಪಾ!"

ಕ್ಲಾಂಪೆಂದರೆ ಕೊಳವೆಬಾವಿಯ ಬಾಯಲ್ಲಿ ಪೈಪನ್ನು ಕಚ್ಚಿ ಹಿಡಿಯುವ ಕಬ್ಬಿಣದ ಹಿಡಿ. ಅದು ಬಿಟ್ಟರೆ ಮೋಟರು, ಪೈಪು, ಕೇಬಲ್ಲು ಎಲ್ಲ ಆರುನೂರು ಅಡಿ ಕೆಳಕ್ಕೆ. ಹೊರಡುವಾಗ ಹೆಂಡತಿ ಮಂಗಳಗೌರಿ ಬಾಗಿಲಿಗೇ ಬಂದಳು. "ಅಪ್ಪನ ಮೋಟ್ರು ಬಾವಿಗ್ ಬಿದ್ರೆ ನೀವು ಮನೆ ಕಡೆ ತಲೆ ಹಾಕ್ಬ್ಯಾಡಿ, ಹೇಳಿದೀನಿ!" ಗೌರೀಶ ಹೊಸ ಕ್ಲಾಂಪನ್ನು ಕೈಗೆ ಸಿಕ್ಕ ಗುಲಾಬಿ ಸೀರೆಯಲ್ಲಿ ಸುತ್ತಿ, ನಾಲ್ಕನೇ ಡ್ರಾಯರಿಗೆ ತಳ್ಳಿ, ಪಾವಗಡದ ದಿಕ್ಕಿಗೆ ಪಿಕಪ್ ಬಿಟ್ಟ.

ಮಾವನ ಹೊಲ ಇನ್ನು ಎರಡೇ ಕಿಲೋಮೀಟರು ಇದೆ ಅನ್ನುವಾಗ, ಹುಣಸೇಗೇಟಿನ ಟೀ ಅಂಗಡಿ ಎದುರು ರಸ್ತೆಗೆ ಅಡ್ಡಲಾಗಿ ಬ್ಯಾರಿಕೇಡು. ಎಲೆಕ್ಷನ್ ತಪಾಸಣೆ.

ಕುರ್ಚಿಯಲ್ಲಿದ್ದವರು ಲಕ್ಷ್ಮಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುವ ಸಾಧು ಮನುಷ್ಯ, ಎಲೆಕ್ಷನ್ ಡ್ಯೂಟಿಗೆ ಸಿಕ್ಕಿಬಿದ್ದಿದ್ದರು. ಮೊನ್ನೆ ಒಂದು ಆಟೋ ತುಂಬ ಕುಕ್ಕರು ಅವರ ಮೂಗಿನ ಕೆಳಗೇ ಹೋಗಿ, ಮೇಲಿನವರಿಂದ ಚೆನ್ನಾಗಿ ಉಗಿಸಿಕೊಂಡಿದ್ದರು. ಆಮೇಲೆ ಅವರು ಸೈಕಲ್ಲಿನ ಟಿಫನ್ ಕ್ಯಾರಿಯರನ್ನೂ ಬಿಚ್ಚಿಸಿ ನೋಡುತ್ತಿದ್ದರು.

"ಹಿಂದೆ ಏನಿದೆ?"

"ಡ್ರಾಯರು ಸಾರ್."

"ಪಿಕಪ್ಪಲ್ಲಿ ಡ್ರಾಯರು?" ಮೇಷ್ಟ್ರು ಎದ್ದು ನಿಂತರು. "ರಂಗಸ್ವಾಮಿ, ಎಲ್ಲಾ ತೆಗೆಸಿ."

ಕಾನ್‌ಸ್ಟೇಬಲ್ ರಂಗಸ್ವಾಮಿ ಹಿಂಬಾಗಿಲು ಇಳಿಸಿದ. ಒಂದನೆಯದು ತೆಗೆದರೆ ಸ್ಪ್ಯಾನರು. ಎರಡನೆಯದರಲ್ಲಿ ಗ್ರೀಸ್ ಡಬ್ಬಿ, ಮೂರನೆಯದರಲ್ಲಿ ಕೇಬಲ್ಲು. ನಾಲ್ಕನೆಯದು ಎರಡು ಬೆರಳಷ್ಟು ಬಂದು ಠಕ್ ಎಂದು ನಿಂತಿತು. ಗೌರೀಶನಿಗೆ ಅರ್ಥವಾಯಿತು, ಹಳ್ಳಕೊಳ್ಳದಲ್ಲಿ ಎಗರಿ ಎಗರಿ ಕ್ಲಾಂಪು ಒಳಗೇ ಎದ್ದು ನಿಂತು ಮೇಲಿನ ಪಟ್ಟಿಗೆ ಸಿಕ್ಕಿಹಾಕಿಕೊಂಡಿದೆ. ಎಳೆದ, ಒದ್ದ, ಗುದ್ದಿದ. ಉಹುಂ. ಅಷ್ಟರಲ್ಲಿ ಫೋನು.

"ಕೈ ಬೊಬ್ಬೆ ಬಂದ್ವು ಕಣಪ್ಪಾ! ಎಲ್ಲಿದ್ದೀಯಾ?"

"ಹುಣಸೇಗೇಟ್ನಾಗೆ ಮಾವ, ಐದೇ ನಿಮಿಷ!"

ಮೇಷ್ಟ್ರು ಬಗ್ಗಿ ಮೊಬೈಲಿನ ಟಾರ್ಚನ್ನು ಸಂದಿಗೆ ಬಿಟ್ಟರು. ಗುಲಾಬಿ ಬಣ್ಣ ಕಂಡಿತು. ಜರಿ ಅಂಚು ಮಿಂಚಿತು.

"ಸೀರೆ!"

"ನಮ್ ಮನೆಯೋರ್ದು ಸಾರ್. ಹಳೇದು."

"ಮನೆಯವರ ಸೀರೆ ಡ್ರಾಯರಲ್ಲಿ ಯಾಕಯ್ಯ ಇಟ್ಟುಕೊಂಡು ತಿರುಗ್ತೀಯ?"

"ಸದ್ದಾಗ್ಬಾರ್ದು ಅಂತ ಸಾರ್."

"ಸದ್ದಾಗದ ಹಾಗೇ ಎಲ್ಲರೂ ಸೀರೆ ಸಾಗಿಸೋದು! ಇದು ತೆಗೆಯೋವರೆಗೂ ಗಾಡಿ ಕದಲಬಾರದು."

ಟೀ ಅಂಗಡಿಯ ಬೆಂಚಿನಲ್ಲಿದ್ದವರಿಗೆ ಕೇಳಿಸಿದ್ದು ಒಂದೇ ಮಾತು, ಸೀರೆ. ಅದು ರಸ್ತೆ ದಾಟಿ ಊರೊಳಗೆ ಹೋಗಲು ಎರಡು ನಿಮಿಷವೂ ಹಿಡಿಯಲಿಲ್ಲ. ಮೊದಲು ಬಂದವಳು ಚಿಕ್ಕಹನುಮಕ್ಕ. ಎಪ್ಪತ್ತು ದಾಟಿದ ಅಜ್ಜಿ, ಕೋಲೂರಿಕೊಂಡು ನೇರ ಪಿಕಪ್ಪಿನ ಹಿಂದೆ ಬಂದು ನಿಂತಳು.

"ನಮ್ ಮನೇಲಿ ನಾಲ್ಕು ಓಟು ಐತೆ ಕಣಪ್ಪ. ನಂಗೆ ಹಸ್ರು ಬಣ್ಣದ್ದು ಕೊಡು, ಗುಲಾಬಿ ನಂಗೆ ಒಪ್ಪಲ್ಲ."

"ಅಜ್ಜಿ, ಇದು ಸೀರೆ ಗಾಡಿ ಅಲ್ಲ, ಮೋಟ್ರು ರಿಪೇರಿ ಗಾಡಿ!"

"ಸಾಹೇಬ್ರ ಎದುರಿಗೆ ಅಂಗೇ ಅನ್ಬೇಕು ಬುಡು," ಎಂದು ಅಜ್ಜಿ ಕಣ್ಣು ಮಿಟುಕಿಸಿದಳು.

ಅವಳ ಹಿಂದೆ ಹತ್ತು, ಹತ್ತರ ಹಿಂದೆ ಐವತ್ತು. ಗಡಿಯಾಚೆಯಿಂದ ಕಡಲೇಕಾಯಿ ಕೀಳಲು ಬಂದಿದ್ದ ಹೆಂಗಸರೂ, ಇಲ್ಲಿ ಒಂದು ಓಟೂ ಇಲ್ಲದಿದ್ದರೂ, "ಚೀರಲಂಟ, ರಾ ರಾ!" ಎಂದು ತೆಲುಗಿನಲ್ಲಿ ಒಬ್ಬರನ್ನೊಬ್ಬರು ಕರೆಯುತ್ತ ಹೊಲದಿಂದ ಓಡಿ ಬಂದರು. ಸಾಲು ನಿಂತಿತು. ಸಾಲಿನಲ್ಲಿ ಜಗಳವೂ ಶುರುವಾಯಿತು.

ಆ ವಾರ್ಡಿಗೆ ನಿಂತಿದ್ದ ನಾಗಲಿಂಗಯ್ಯ ಬುಲೆಟ್ಟಿನಲ್ಲಿ ಬಂದಿಳಿದ. "ಸಾರ್, ಇದು ಎದುರು ಪಾರ್ಟಿಯೋರ ಕಿತಾಪತಿ! ಇವನ್ನ ಒಳಗೆ ಹಾಕ್ರಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಕೂಗಿ, ಗೌರೀಶನ ಭುಜದ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದ. "ತಮ್ಮಾ, ಯಾರು ಕಳ್ಸಿದ್ರೋ ನಂಗೆ ಬ್ಯಾಡ. ಹಂಚೋವಾಗ ಮಾತ್ರ ನಾಗಲಿಂಗಯ್ಯಂದು, ಗುರುತು ಟೇಬಲ್ ಫ್ಯಾನು ಅಂತ ಒಂದ್ ಮಾತು ಹೇಳ್ಬುಡು."

ಮತ್ತೆ ಫೋನು. ಈ ಸಲ ಯತ್ತಪ್ಪನ ದನಿ ಅಳುವಂತಿತ್ತು. "ಪೈಪು ಅರ್ಧ ಅಡಿ ಜಾರ್ತು ಕಣಪ್ಪಾ! ಇನ್ನು ನಮ್ ಕೈಲಿ ಆಗಕಿಲ್ಲ!"

ಗೌರೀಶನ ಅಂಗಿ ಬೆನ್ನಿಗೆ ಅಂಟಿತ್ತು. ಮೇಷ್ಟ್ರ ಕಾಲು ಹಿಡಿಯುವುದೊಂದು ಬಾಕಿ. "ಸಾರ್, ಒಳಗಿರೋದು ಕ್ಲಾಂಪು. ನಮ್ ಮಾವನ ಮೋಟ್ರು ನೇತಾಡ್ತಾ ಐತೆ. ನೀವೇ ಗಾಡಿ ಹತ್ತಿ, ಹೊಲದಾಗೇ ಬಿಚ್ಚಿ ನೋಡೀರಂತೆ."

"ನಾನು ಈ ಕುರ್ಚಿ ಬಿಟ್ಟು ಹೋದರೆ ಈ ಕಡೆ ಹತ್ತು ಆಟೋ ದಾಟ್ತವೆ," ಎಂದರು ಮೇಷ್ಟ್ರು. ಅವರ ಕಷ್ಟವೂ ನಿಜವೇ.

"ಮೇಲಿನ ಹಲಗೆ ಬಿಚ್ಚಪ್ಪ, ಆಗ ಒಳಗಿಂದು ಕಾಣ್ತದೆ," ಎಂದ ರಂಗಸ್ವಾಮಿ.

"ಅದರ ಬೋಲ್ಟು ಬಿಚ್ಚೋ ಸ್ಪ್ಯಾನರು ಬೇರೆ ಸಾರ್."

"ಅದೆಲ್ಲೈತೆ?"

"ನಾಲ್ಕನೇ ಡ್ರಾಯರ್‌ನಾಗೆ."

ರಂಗಸ್ವಾಮಿ ಅವನನ್ನೊಮ್ಮೆ ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಟೀ ಅಂಗಡಿಯವನು ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟ. ಇನ್ಯಾರೋ ಹಾರೆ ತಂದು ಮೀಟಿ ಹಿಡಿಕೆಯನ್ನೇ ಮುರಿದ. ತನ್ನ ಮೈಗೇ ಹಾರೆ ಹಾಕಿದಂತಾಯಿತು ಗೌರೀಶನಿಗೆ. ಜನ ಒತ್ತಿ ಒತ್ತಿ ಪಿಕಪ್ಪು ಉಯ್ಯಾಲೆಯಾಡುತ್ತಿತ್ತು. ಮತ್ತೊಮ್ಮೆ ಫೋನು ಬಂತು.

"ಏನಪ್ಪಾ ಅದು ಗದ್ದಲ? ಏನ್ ನಡೀತೈತೆ ಅಲ್ಲಿ?"

"ಸೀರೆ ಹಂಚ್ತಾವ್ರೆ ಅಂತ ಊರೇ ಬಂದೈತೆ ಮಾವ! ನನ್ನ ಬಿಡ್ತಿಲ್ಲ!"

ಆ ಕಡೆ ಲೈನು ಕಟ್ಟಾಯಿತು.

ಗೌರೀಶ ತಾನೇ ತಿರುಗಿ ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಐದು ನಿಮಿಷ, ಹತ್ತು ನಿಮಿಷ. ಅಲ್ಲಿಯವರೆಗೆ ಮಾವನ ಬೈಗುಳ ಕೇಳಿ ಸಾಕಾಗಿದ್ದವನಿಗೆ ಈಗ ಒಂದು ಬೈಗುಳ ಕೇಳಿಸಿದರೆ ಸಾಕು ಅನ್ನಿಸಿತು. ಹಗ್ಗ ಜಾರಿತೇ? ಹಗ್ಗ ಯಾರನ್ನಾದರೂ ಎಳೆದುಕೊಂಡು ಹೋಯಿತೇ? ಮಂಗಳಗೌರಿಗೆ ಏನು ಹೇಳುವುದು?

"ಸಾರ್, ಎಲ್ರನ್ನೂ ಹಿಂದಕ್ಕೆ ಸರಿಸಿ," ಎಂದವನೇ ಸ್ಟಿಯರಿಂಗ್ ಮುಂದೆ ಹಾರಿ ಕೂತ. ರಂಗಸ್ವಾಮಿ ಲಾಠಿ ಬೀಸಿ ಜಾಗ ಮಾಡಿದ. ಗೌರೀಶ ರಿವರ್ಸ್ ಹಾಕಿ, ಗಾಡಿಯನ್ನು ಹಿಂದಕ್ಕೆ ರೊಂಯ್ ಎಂದು ಬಿಟ್ಟು, ಎರಡೂ ಕಾಲಲ್ಲಿ ಬ್ರೇಕು ತುಳಿದ.

ಆರೂ ಡ್ರಾಯರು ಒಟ್ಟಿಗೆ ಹೊರಬಂದವು. ಸ್ಪ್ಯಾನರು, ಇಕ್ಕಳ, ಸುತ್ತಿಗೆ, ಕೇಬಲ್ಲು, ನಟ್ಟು ಬೋಲ್ಟು ಎಲ್ಲ ರಸ್ತೆ ತುಂಬ. ಮೇಲೆ ಹಳೇ ಸೀರೆ ಹರಡಿಕೊಂಡವು. ಗುಲಾಬಿ ಸೀರೆಯಿಂದ ಕ್ಲಾಂಪು ಉರುಳಿ ಬಿತ್ತು.

ಚಿಕ್ಕಹನುಮಕ್ಕ ಕೋಲಿನ ತುದಿಯಲ್ಲಿ ಗುಲಾಬಿ ಸೀರೆ ಎತ್ತಿ ನೋಡಿದಳು. "ಥೂ! ಹರಕಲು. ಗ್ರೀಸ್ ಬೇರೆ ಮೆತ್ತೈತೆ."

ಲಕ್ಷ್ಮಯ್ಯ ಮೇಷ್ಟ್ರಿಗೆ ಹೋದ ಜೀವ ಬಂತು. ಪುಸ್ತಕ ತೆಗೆದು 'ಹೊಸ ಸೀರೆ ಯಾವುದೂ ಕಂಡುಬಂದಿಲ್ಲ' ಎಂದು ಚಂದದ ಅಕ್ಷರದಲ್ಲಿ ಬರೆದರು. ಆದರೆ ಬಿಸಿಲಲ್ಲಿ ಅಷ್ಟು ಹೊತ್ತು ನಿಂತ ಜನ ಬರಿಗೈಲಿ ಹೋಗುತ್ತಾರೆಯೇ?

"ಸೀರೆ ಇಲ್ದಿದ್ರೆ ಹೋಗ್ಲಿ, ಈ ಸಲ ಸಾಮಾನೇ ಕೊಡ್ತಾವ್ರೆ ಕಣ್ಲಾ!" ಎಂದು ಯಾರೋ ಕೂಗಿದ. ಅಷ್ಟೇ. ಒಬ್ಬಳು ಇಕ್ಕಳ ಸೆರಗಿಗೆ ಕಟ್ಟಿದಳು. ಒಬ್ಬ ಸುತ್ತಿಗೆ ಹೆಗಲಿಗೇರಿಸಿದ. ಚಿಕ್ಕಹನುಮಕ್ಕ ಒಂದು ದೊಡ್ಡ ಕೊಕ್ಕೆಯನ್ನು ಕೋಲಿಗೆ ಸಿಕ್ಕಿಸಿಕೊಂಡಳು. ಕಡಲೇಕಾಯಿ ಕೀಳುವ ಹೆಂಗಸರು ಕೇಬಲ್ಲಿನ ಸುರುಳಿ ಹೊತ್ತು ನಡೆದರು. ಎಲ್ಲರೂ ಹೋಗುವಾಗ ಗೌರೀಶನಿಗೆ ಕೈಮುಗಿದು, "ನಮ್ ಓಟು ನಿಮಗೇ ಬುಡಿ," ಎಂದರು.

"ಸಾರ್, ನನ್ನ ಸಾಮಾನು! ತಡೀರಿ ಸಾರ್!"

"ಸುಮ್ಮನಿರಪ್ಪ," ಎಂದರು ಮೇಷ್ಟ್ರು ಮೆಲ್ಲಗೆ. "ಹಂಚೋ ಸೀರೆ ಇಲ್ಲ ಅಂತ ಈಗಷ್ಟೇ ಬರೆದಿದ್ದೀನಿ. ವಾಪಸ್ ಇಸ್ಕೊಂಡರೆ ಹಂಚಿದ್ದೆ ಅಂತ ಆಗುತ್ತೆ. ಮೊದಲು ಹೊರಡು."

ಅವನ ಪಾಲಿಗೆ ಉಳಿದದ್ದು ಕ್ಲಾಂಪೊಂದೇ. ಅದನ್ನು ಮಗುವಿನಂತೆ ಎದೆಗವುಚಿಕೊಂಡು ಸೀಟಿಗೆ ಹತ್ತಿದ. ಹಾಳಾಗಿ ಹೋಗಲಿ ಸಾಮಾನು, ಮೋಟರು ಉಳಿದರೆ ಸಾಕು. ಗಾಡಿ ಸ್ಟಾರ್ಟ್ ಮಾಡಿ ಹಾರನ್ ಒತ್ತಿದ. ಎದುರಿಗೆ ನಿಂತಿದ್ದವರು ಸರಿದರು. ಒಬ್ಬ ಮಾತ್ರ ಬೈಕು ಸ್ಟ್ಯಾಂಡ್ ಹಾಕಿ, ಕತ್ತು ಉದ್ದ ಮಾಡಿ, "ಮುಗುದೋಯ್ತಾ? ಸೀರೆ ಎಲ್ಲಾ ಮುಗುದೋಯ್ತಾ?" ಎಂದು ಕೇಳುತ್ತಿದ್ದ.

ಯತ್ತಪ್ಪ.

ಗೌರೀಶ ಕೆಳಗಿಳಿದ. "ಮಾವ! ಹಗ್ಗ?"

"ಹಗ್ಗಕ್ಕೇನು, ಮೂರ್ ಜನ ಹಿಡ್ಕಂಡವ್ರೆ," ಎಂದ ಯತ್ತಪ್ಪ. ಅಷ್ಟರಲ್ಲಿ ಅವನ ಕಣ್ಣು ಟೀ ಅಂಗಡಿಯ ಕಡೆ ಹೋಯಿತು. "ಲೇ ಸುನಿಲಾ! ನೀನ್ಯಾಕ್ಲಾ ಇಲ್ಲಿ?"

"ನೀನು ಉಚ್ಚೆ ಹುಯ್ದು ಬತ್ತೀನಿ ಅಂತ ಹೋದೋನು ಬೈಕ್ ಹತ್ತಿದ್ದು ಕಂಡೆ. ಅಲ್ಲಿ ಇನ್ನೂ ಇಬ್ರು ಇದ್ರು ಬುಡು."

"ಇಬ್ರಲ್ಲ, ಒಬ್ಬ," ಎಂದ ಪಕ್ಕದ ಹೊಲದ ರಂಗೇಶ, ಜನರ ನಡುವಿನಿಂದ ತಲೆ ಹೊರಹಾಕಿ. "ನಾನು ಬರೋವಾಗ ಯೋಗೀಶ ಹಿಡ್ಕಂಡಿದ್ದ."

ಮೂವರೂ ಸುತ್ತಲೂ ನೋಡಿದರು. ಯೋಗೀಶ ಪಿಕಪ್ಪಿನ ಹಿಂದೆ ಸಾಲಿನ ಕೊನೆಯಲ್ಲಿ ನಿಂತಿದ್ದ.

"ಅಷ್ಟು ಭಾರ ಒಬ್ಬನ ಕೈಲಿ ಹಿಡಿಯಾಕಾಯ್ತದಾ?" ಎಂದ ಅವನು ನೆಲ ನೋಡುತ್ತ. "ಅದಕ್ಕೇ ನಿಮ್ಮನ್ನ ಕರೆಯಾಕ್ ಬಂದೆ."

ಯತ್ತಪ್ಪ ಬೊಬ್ಬೆ ಬಂದ ತನ್ನ ಅಂಗೈ ನೋಡಿಕೊಂಡ, ಅಳಿಯನ ಎದೆಗಂಟಿದ್ದ ಕ್ಲಾಂಪು ನೋಡಿದ, ಬಾಯಿ ತೆರೆದುಕೊಂಡಿದ್ದ ಆರು ಡ್ರಾಯರು ನೋಡಿದ. ಮದುವೆಯಾಗಿ ಆರು ವರ್ಷದಲ್ಲಿ ಮೊದಲ ಸಲ ಅವನ ದನಿಗೆ ಮರ್ಯಾದೆ ಬಂತು.

"ಅಳಿಯಂದ್ರೇ, ಬೋರಿಗೆ ಬಿದ್ದ ಮೋಟ್ರು ಎತ್ತೋ ಕೊಕ್ಕೆ ಅಂತ ಇರ್ತದಲ್ಲ, ಅದು ನಿಮ್ ಡ್ರಾಯರ್‌ನಾಗೆ ಐತಾ?"

"ಇತ್ತು ಮಾವ," ಎಂದ ಗೌರೀಶ. "ಈಗ್ತಾನೆ ನಾಲ್ಕು ಓಟಿಗೆ ಹೋಯ್ತು."